ಶಿವಪುತ್ರಪ್ಪ ಕಂಪ್ಯೂಟರಿಗೆ ಪರಖಿ ಹಾಕಿದ್ದು

ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಜೋಳದ ಕಾಳು ಕಡಿಯುವವರು ನೂರು ಮಂದಿ ಇದ್ದರು. ಕಡಿದದ್ದನ್ನು ಕೇಳಿಸಿಕೊಳ್ಳುವವನು ಮಾತ್ರ ಒಬ್ಬನೇ, ಶಿವಪುತ್ರಪ್ಪ.

ಅವನ ಕೆಲಸ ಮಾಲಿನ ಪರೀಕ್ಷೆ. ಲಾರಿಯಿಂದ ಚೀಲ ಇಳಿದೊಡನೆ ಪರಖಿ ಹಿಡಿದು ಬರುತ್ತಿದ್ದ. ಪರಖಿ ಎಂದರೆ ಮೊನಚು ತುದಿಯ ಟೊಳ್ಳು ಕಬ್ಬಿಣದ ಕೊಳವೆ. ಚೀಲದ ಬಾಯಿ ಬಿಚ್ಚದೆಯೇ ಹೊಟ್ಟೆಯೊಳಗಿನ ಗುಟ್ಟನ್ನು ಹೊರಗೆಳೆಯುವ ಸಾಮಾನು. ಹಾಗೆ ಬಂದ ಕಾಳಿನಲ್ಲಿ ಒಂದನ್ನು ದವಡೆಗಿಟ್ಟು ಕಟ್ ಎನ್ನಿಸುತ್ತಿದ್ದ. ಆ ಸದ್ದು ಕೇಳಿಯೇ ಜೋಳ ಎಷ್ಟು ಹಸಿ, ಎಷ್ಟು ದಿನ ಬಿಸಿಲು ಕಂಡಿದೆ, ಇಂಡಿ ತಾಲೂಕಿನ ಕಡೆಯದೋ ಮಂಗಳವೇಢೆಯ ಕಡೆಯದೋ ಎಂದು ಹೇಳುತ್ತಿದ್ದ. ಇಷ್ಟನ್ನು ಬೇರೆಯವರೂ ಹೇಳಿಯಾರು. ಒಮ್ಮೆ ಅವನು ಕಾಳು ಕಡಿದವನೇ ಕಣ್ಣು ಮುಚ್ಚಿ ನಿಂತು, "ಈ ಹೊಲಾ ಹರಗಿದ ಎತ್ತು ಕುಂಟತಿತ್ತು" ಎಂದ. ವ್ಯಾಪಾರಿ ಊರಿಗೆ ಟ್ರಂಕ್ ಕಾಲ್ ಮಾಡಿ ಕೇಳಿದರೆ ಹೌದು, ಕುಂಟೆತ್ತೇ. ಕುಂಟಿದ್ದು ಎಡಗಾಲೋ ಬಲಗಾಲೋ ಎಂಬ ವಿಷಯದಲ್ಲಿ ಯಾರ್ಡಿನಲ್ಲಿ ಇವತ್ತಿಗೂ ಎರಡು ಪಕ್ಷಗಳಿವೆ.

ಅವನು ಇಂಡಿಯಿಂದ ಎಪ್ಪತ್ತೊಂಬತ್ತರಲ್ಲಿ ಹಮಾಲನಾಗಿ ಬಂದವನು. ಆರು ವರ್ಷ ಚೀಲ ಹೊತ್ತ. ಮಾಲಿನ ವಿದ್ಯೆ ಮೊದಲು ಬೆನ್ನಿಗೆ ಬಂತು, ಆಮೇಲೆ ಹಲ್ಲಿಗೆ ಏರಿತು ಎಂದು ಅವನೇ ಹೇಳುತ್ತಿದ್ದ. ಅವನಿಗೆ ಇದ್ದದ್ದು ಎರಡೇ ನೇಮ. ಒಂದು, ಪ್ರತಿ ಚೀಲಕ್ಕೆ ಮೂರು ಕಡೆ ಪರಖಿ: ಮೇಲೆ, ನಡುವೆ, ಬುಡಕ್ಕೆ. ಕಾಳು ನೋಡದೆ ಚೀಲಕ್ಕೆ ಹೆಸರಿಡಕೂಡದು. ಎರಡು, ಕೆಟ್ಟ ಮಾಲು ನಮ್ಮವರದೇ ಆದರೆ ಕೆಂಪು ಸುಣ್ಣದ ಕಡ್ಡಿಯಿಂದ ಬೇಡವೆಂಬ ಕಾಟು ಗುರುತು ಹೊಡೆಯುವವರು ನಾವೇ, ಅದೂ ಎಲ್ಲರಿಗಿಂತ ಮೊದಲು. ತೊಂಬತ್ತಾರರಲ್ಲಿ ಅವನ ಹೆಂಡತಿ ಬಸವಣ್ಣೆವ್ವನ ಖಾಸ ತಮ್ಮನೇ ಇಪ್ಪತ್ತು ಚೀಲ ಹಸಿ ಜೋಳ ತಂದು, "ಮಾವಾರ, ಸ್ವಲ್ಪ ನೋಡ್ಕೊಳ್ರಿ" ಎಂದಿದ್ದ. ಮಾವ ನೋಡಿಕೊಂಡ. ಇಪ್ಪತ್ತಕ್ಕೂ ಕೆಂಪು ಕಾಟು ಬಿತ್ತು. ಅಲ್ಲಿಂದ ಒಂದು ವರ್ಷ ಶಿವಪುತ್ರಪ್ಪನ ತಟ್ಟೆಗೆ ತುಪ್ಪ ಬೀಳಲಿಲ್ಲ.

ಇಂಥವನ ಮನೆಗೆ ಎರಡು ಸಾವಿರದ ಐದರಲ್ಲಿ ಕಂಪ್ಯೂಟರ್ ಬಂತು. ಬಿಬ್ವೇವಾಡಿಯ ಹದಿನಾರು ಮನೆಗಳ ಸೊಸೈಟಿಯಲ್ಲಿ ಅವರದು ಒಂಬತ್ತನೆಯ ನಂಬರು. ಬಿ.ಎಸ್ಸಿ. ಓದುವ ಮಗಳು ಸ್ನೇಹಲ್‌ಗೆಂದು ತಂದ ಯಂತ್ರಕ್ಕೆ ಬಸವಣ್ಣೆವ್ವ ಕಸೂತಿಯ ಮುಸುಕು ಹೊದಿಸಿ ಮದುವಣಗಿತ್ತಿಯ ಹಾಗೆ ಹಾಲಿನ ಮೂಲೆಯಲ್ಲಿ ಕೂರಿಸಿದ್ದಳು. ಶಿವಪುತ್ರಪ್ಪ ಅದಕ್ಕೆ ದಿನಾ ದೂರದಿಂದ ನಮಸ್ಕಾರ ಮಾಡುತ್ತಿದ್ದನೇ ಹೊರತು ಮುಟ್ಟುತ್ತಿರಲಿಲ್ಲ.

ಮರುವರ್ಷ ಆಗಸ್ಟ್ ತಿಂಗಳಲ್ಲಿ ಸೊಸೈಟಿಯ ಸೆಕ್ರೆಟರಿ ಅವಧೂತರಾಯರು ಒಂದು ಸೀಡಿ ಹಿಡಿದು ಮನೆಮನೆಗೆ ತಿರುಗತೊಡಗಿದರು. ನಿವೃತ್ತ ಮಾಸ್ತರರು, ನಿವೃತ್ತಿಯಾಗಿ ಹತ್ತು ವರ್ಷವಾದರೂ ಕಂಕುಳಲ್ಲಿ ಹಾಜರಿ ಪುಸ್ತಕ ಇದ್ದೇ ಇರುತ್ತಿತ್ತು. ಖರಾಡಿಯ ಒಂದು ಆಫೀಸಿನಲ್ಲಿದ್ದ ಅವರ ಅಳಿಯ ಕೊಟ್ಟ ಸೀಡಿ ಅದು. ಮಕ್ಕಳು ಎಲ್ಲಿಂದಲೋ ಹಾಡು, ಸಿನಿಮಾ ಕದ್ದು ಇಳಿಸಿಕೊಂಡು ಕಂಪ್ಯೂಟರಿನಲ್ಲಿ ಅಡಗಿಸಿಡುತ್ತಾರಂತೆ. ತಂದೆತಾಯಿ ಈ ಸೀಡಿ ಹಾಕಿದರೆ ಕಳ್ಳಮಾಲೆಲ್ಲ ಪಟ್ಟಿಯಾಗಿ ಹೊರಬೀಳುತ್ತದಂತೆ. ಹದಿನಾಲ್ಕನೆಯ ತಾರೀಕಿನೊಳಗೆ ಪ್ರತಿ ಮನೆಯವರೂ ತಮ್ಮ ಸಂಖ್ಯೆಯನ್ನು ಮೆಟ್ಟಿಲ ಬುಡದ ಕರಿಹಲಗೆಯಲ್ಲಿ ಬರೆಯಬೇಕು. ಹದಿನೈದರಂದು ಧ್ವಜ ಏರಿಸಿದ ಮೇಲೆ ರಾಯರು ಅದನ್ನು ಎಲ್ಲರೆದುರು ಓದಿ, ಸೊನ್ನೆ ಬಂದ ಮನೆಗೆ ಕಟ್ಟು ಹಾಕಿಸಿದ 'ಸ್ವಚ್ಛ ಘರ್' ಪ್ರಮಾಣಪತ್ರ ಕೊಡುವರು.

ಅವಧೂತರಾಯರ ಸ್ವಂತ ಮನೆಯದು ಸೊನ್ನೆ. ಅವರ ಮನೆಯಲ್ಲಿ ಕಂಪ್ಯೂಟರೇ ಇರಲಿಲ್ಲ. ಉಳಿದ ಮೂರು ಸೊನ್ನೆಗಳ ಮನೆಯಲ್ಲಿ ಪರೀಕ್ಷೆಯ ಹಿಂದಿನ ದಿನವೇ ಎಲ್ಲವನ್ನೂ ಬೇರೆ ಸೀಡಿಗಳಿಗೆ ಇಳಿಸಿ ಅಕ್ಕಿಯ ಡಬ್ಬಿಯಲ್ಲಿ ಹೂತಿದ್ದರು. ಆ ವಾರ ಒಂದು ಮನೆಯ ಅನ್ನದಲ್ಲಿ ಸಿನಿಮಾದ ವಾಸನೆ ಬರುತ್ತಿತ್ತು ಎಂದು ಹೇಳುವವರಿದ್ದಾರೆ.

"ನಮಗ್ಯಾಕ ಬೇಕ್ರಿ ಈ ಉಸಾಬರಿ?" ಎಂದಳು ಬಸವಣ್ಣೆವ್ವ.

"ಕಲಬೆರಕಿ ಹಿಡಿಯೂದು ನನ್ನ ಕಸಬು. ನಮ್ಮ ಮನೀದ ಸೊನ್ನಿ ಬರಲಿಲ್ಲಂದ್ರ ಮತ್ಯಾರದು ಬರಬೇಕು?" ಎಂದ ಶಿವಪುತ್ರಪ್ಪ. ಪ್ರಮಾಣಪತ್ರಕ್ಕೆಂದು ಅವನಾಗಲೇ ಗೋಡೆಗೆ ಮೊಳೆ ಹೊಡೆದಿದ್ದ.

ಹದಿನಾಲ್ಕರ ಬೆಳಗ್ಗೆ ಸ್ನೇಹಲ್ ಕಾಲೇಜಿಗೆ ಹೋದ ಮೇಲೆ ಅವಧೂತರಾಯರು ಬಂದರು. ಅಳಿಯ ಹೇಳಿಕೊಟ್ಟ ಮೂರು ಗುಂಡಿಗಳನ್ನು ಸಂಧ್ಯಾವಂದನೆಯ ಮಂತ್ರದಂತೆ ಗೊಣಗುತ್ತ ಒತ್ತಿದರು. ಯಂತ್ರ ಗುರುಗುಟ್ಟಿತು. ಪರದೆಯ ಮೇಲೆ ಸಾಲುಗಳು ಹುಟ್ಟತೊಡಗಿದವು. ಹತ್ತು, ನಲವತ್ತು, ಇನ್ನೂರು. ಶಿವಪುತ್ರಪ್ಪ ಕುರ್ಚಿಯ ಬೆನ್ನು ಹಿಡಿದ. ಕೊನೆಗೆ ಅದು ನಿಂತದ್ದು ಆರುನೂರಾ ಹನ್ನೆರಡಕ್ಕೆ.

"ಸಹಾಶೇ ಬಾರಾ," ಎಂದು ರಾಯರು ತಮ್ಮ ಮರಾಠಿಯಲ್ಲಿ ಎಣಿಸಿ ಹಾಜರಿ ಪುಸ್ತಕದಲ್ಲಿ ಬರೆದುಕೊಂಡರು. "ಶಿವಪುತ್ರಪ್ಪಾ, ಸೊಸೈಟಿಚಾ ರೆಕಾರ್ಡ್ ಆಹೇ." ಸೊಸೈಟಿಯಲ್ಲಿ ಅಷ್ಟು ಇನ್ನಾವ ಮನೆಗೂ ಬಂದಿರಲಿಲ್ಲ. ಎಲ್ಲವನ್ನೂ ಒಂದೇ ಸಲಕ್ಕೆ ಅಳಿಸುವ ಗುಂಡಿಯನ್ನೂ ಅವರು ತೋರಿಸಿದರು. ಅಳಿಸಿಬಿಟ್ಟರೆ ಹಲಗೆಯ ಮೇಲೆ ಸೊನ್ನೆ ಬರೆಯಬಹುದು, ಯಾರಿಗೂ ತಿಳಿಯುವುದಿಲ್ಲ ಎಂದು ಮೆಲ್ಲಗೆ ಸೇರಿಸಿದರು.

ಶಿವಪುತ್ರಪ್ಪ ಬೇಡವೆಂದು ತಲೆಯಾಡಿಸಿದ. ಯಾರ್ಡಿನಲ್ಲಿ ಮಾಲಿನ ಧಣಿ ಎದುರಿಗೆ ಇಲ್ಲದೆ ಮಾಲು ಸುಡುವ ಪದ್ಧತಿ ಇರಲಿಲ್ಲ. "ಹುಡುಗಿ ಬರಲಿ. ಸಂಜೀ ಆರಕ್ಕ ಬರ್ರಿ, ಆಕೀ ಮುಂದನ ಅಳಸೂಣು" ಎಂದ. ಆಮೇಲೆ ಪರಖಿಯ ಚೀಲದಿಂದ ಕೆಂಪು ಕಡ್ಡಿ ತೆಗೆದುಕೊಂಡು ಕೆಳಗಿಳಿದ. ಅವನು ಒಂಬತ್ತು ಮೆಟ್ಟಿಲು ಇಳಿಯುವಷ್ಟರಲ್ಲಿ ಒಂಬತ್ತು ವರ್ಷ ಮುಪ್ಪಾದ. ಹಲಗೆಯಲ್ಲಿ ತಮ್ಮ ಮನೆಯ ನಂಬರಿನ ಮುಂದೆ 612 ಎಂದು ಬರೆದು, ತಾನೇ ಅದರ ಪಕ್ಕ ಒಂದು ಕಾಟು ಹೊಡೆದ. ಬೇರೆಯವರದೆಲ್ಲ ಬಿಳಿ ಸುಣ್ಣ, ಅವರೊಬ್ಬರದೇ ಕೆಂಪು.

ಸ್ನೇಹಲ್ ನಾಲ್ಕು ಗಂಟೆಗೆ ಬಂದಳು. ಮೆಟ್ಟಿಲ ಬುಡದಲ್ಲಿ ನಾಲ್ಕು ಮಂದಿ ಹಲಗೆ ನೋಡುತ್ತ ನಿಂತವರು ಅವಳನ್ನು ಕಂಡು ಮಾತು ನಿಲ್ಲಿಸಿದ್ದರು. ಮೇಲೆ ಬಂದು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಳು.

"ಅಪ್ಪಾ, ಕೆಳಗ ಬರದಾವ್ರು ಯಾರು?"

"ನಾನ."

"ನನಗೊಂದು ಮಾತು ಕೇಳಬೇಕು ಅನಸಲಿಲ್ಲ ನಿನಗ?"

"ಏನು ಕೇಳೂದು? ಕೆಟ್ಟ ಮಾಲು ಮನ್ಯಾಗ ಇಟಗೊಂಡು ನಾ ಯಾರ್ಡಿನಾಗ ಮಂದೀ ಚೀಲಕ್ಕ ಹ್ಯಾಂಗ ಕಾಟು ಹೊಡೀಲಿ?"

"ಕೆಟ್ಟದ್ದು ಅಂತ ಯಾರು ಹೇಳಿದ್ರು?"

"ಮಷಿನ್ ಹೇಳ್ತು. ಆರುನೂರಾ ಹನ್ನೆರಡು."

ಅವಳು ದನಿ ಏರಿಸಲಿಲ್ಲ. "ಪರಖಿ ಹಾಕೀಯೇನು?"

ಶಿವಪುತ್ರಪ್ಪನ ಕೈ ಪರಖಿಯ ಚೀಲಕ್ಕೆ ಹೋಯಿತು. ಒಂದೇ ಒಂದು ಕಾಳು ನೋಡದೆ, ಚೀಲ ಎಣಿಸಿ, ಅವನು ಮಗಳಿಗೆ ಹೆಸರಿಟ್ಟಿದ್ದ. ಇಪ್ಪತ್ತು ವರ್ಷದಲ್ಲಿ ಯಾವ ಸಾಹುಕಾರನ ದಬಾವಣಿಗೂ ಮುರಿಯದ ನೇಮವನ್ನು ಮೂರು ಗುಂಡಿ ಒತ್ತಿದ್ದಕ್ಕೆ ಮುರಿದಿದ್ದ.

"ಹಾಕಿಲ್ಲ," ಎಂದ. ಆಮೇಲೆ ಎದ್ದು ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು ಕೂತ. "ತಗೀ. ಮ್ಯಾಲಿಂದೊಂದು, ನಡುವಿಂದೊಂದು, ಬುಡದ್ದೊಂದು."

ಸ್ನೇಹಲ್ ಮೇಲಿನ ಸಾಲು ಒತ್ತಿದಳು. ಸ್ಪೀಕರಿನ ಡಬ್ಬಿಯಿಂದ ಒಂದು ಗಂಡಸಿನ ದನಿ ಹೊರಟಿತು. ಎಣ್ಣೆ ಕಾಣದ ಗಾಡಿಯ ಅಚ್ಚಿನಂಥ ದನಿ. ತೊಗರಿಯಲ್ಲಿ ಹುಳ ಬಿದ್ದದ್ದನ್ನು ಕಣ್ಣಿನಿಂದ ನೋಡುವವನು ದಡ್ಡ, ಮುಂಗೈಯನ್ನು ಚೀಲದೊಳಗೆ ಇಟ್ಟು ಬಿಸಿ ನೋಡಬೇಕು ಎಂದು ಹೇಳುತ್ತಿತ್ತು. ಶಿವಪುತ್ರಪ್ಪ ಕಿವಿ ನಿಮಿರಿಸಿದ.

"ದನಿ ಭಾಳ ಹೊಲಸದ. ಆದ್ರ ಮನಶಾ ತಿಳದಾವ," ಎಂದ. "ಯಾವ ಯಾರ್ಡಿನಾವ ಇವ? ಸೊಲ್ಲಾಪುರದಾವೇನು?"

ಅಡುಗೆಮನೆಯ ಬಾಗಿಲಲ್ಲಿ ಬಸವಣ್ಣೆವ್ವ ಸೆರಗನ್ನು ಬಾಯಿಗಿಟ್ಟುಕೊಂಡಳು. ಮಗಳು ನಡುವಿನ ಸಾಲು ಒತ್ತಿದಳು. ಅದರಲ್ಲಿ ಮಾತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕಟ್ ಎಂದಿತು.

"ಬಸವನಬಾಗೇವಾಡಿ ಜ್ವಾಳ," ಎಂದ ಶಿವಪುತ್ರಪ್ಪ ತಟ್ಟನೆ. "ಹದಿನೈದು ದಿನ ಬಿಸಲು ಕಂಡದ. ಕಡದಾವಗ ಬಲಗಡಿ ದವಡಿ ಹಲ್ಲಿಲ್ಲ." ಹೇಳುತ್ತ ಹೇಳುತ್ತ ಅವನ ನಾಲಗೆ ತಾನಾಗಿಯೇ ಬಲದವಡೆಗೆ ಹೋಯಿತು. ಅಲ್ಲಿ ಹಲ್ಲಿರಲಿಲ್ಲ. ಹೋಗಿ ಎಂಟು ತಿಂಗಳಾಗಿತ್ತು.

ಹೀಗೆ, ಕಾಳಿನ ದನಿಯಿಂದ ಎತ್ತಿನ ಕಾಲು ಹೇಳುವ ಮನುಷ್ಯನಿಗೆ ತನ್ನ ದನಿ ತನ್ನದೆಂದು ತಿಳಿಯಲು ಜೋಳದ ಒಂದು ಕಾಳೇ ಸಾಕ್ಷಿ ಹೇಳಬೇಕಾಯಿತು.

ನಡೆದದ್ದು ಇಷ್ಟು. ಯಾರ್ಡಿಗೆ ಹಿಂದಿನ ವರ್ಷ ತೇವ ಅಳೆಯುವ ಪುಟ್ಟ ಯಂತ್ರವೊಂದು ಬಂದಿತ್ತು. ಅಪ್ಪ ದಿನಾ ಊಟಕ್ಕೆ ಕೂತಾಗ ಆ ಯಂತ್ರವನ್ನು ಬೈಯುತ್ತ ಬೈಯುತ್ತ ತನ್ನ ವಿದ್ಯೆಯನ್ನೆಲ್ಲ ಹೇಳುತ್ತಿದ್ದ. ಸ್ನೇಹಲ್ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಕೆಂಪು ರೆಕಾರ್ಡರನ್ನು ಉಪ್ಪಿನಕಾಯಿ ಭರಣಿಯ ಪಕ್ಕ ಇಡತೊಡಗಿದಳು, ಅದರಲ್ಲಿ ಸಿಕ್ಕಿದ್ದನ್ನು ಆಮೇಲೆ ಕಂಪ್ಯೂಟರಿಗೆ ತುಂಬುತ್ತಿದ್ದಳು. ಅದು ಸೊಳ್ಳೆ ಓಡಿಸುವ ಸಾಮಾನು ಎಂದು ಶಿವಪುತ್ರಪ್ಪ ತಿಳಿದಿದ್ದ. ಅದು ಬಂದಾಗಿನಿಂದ ಮನೆಯಲ್ಲಿ ಸೊಳ್ಳೆ ಅರ್ಧ ಇಳಿದಿವೆ ಎಂದು ಯಾರ್ಡಿನಲ್ಲಿ ಹೇಳಿಕೊಂಡೂ ಬಂದಿದ್ದ.

"ನನಗ್ಯಾಕ ಹೇಳಲಿಲ್ಲವಾ?"

"ಹೇಳಿದ್ರ ನೀ ಭಾಷಣ ಶುರು ಮಾಡ್ತಿದ್ದಿ. ಈಗಾಗಲೇ ಎರಡು ಹಲ್ಲು ಹೋಗ್ಯಾವ. ಉಳದವೂ ಹೋದಮ್ಯಾಲ ನಾವು ಯಾರನ್ನ ಕೇಳೂಣು?"

ಅವನು ಪಂಚೆಯ ತುದಿಯಿಂದ ಮೂಗು ಒರೆಸಿಕೊಂಡ. ಯಾರ್ಡಿನ ಧೂಳು ಎಂದು ಯಾರೂ ಕೇಳದಿದ್ದರೂ ಹೇಳಿದ. ಸ್ನೇಹಲ್ ಸೀಡಿಯ ಮೊದಲ ಪುಟ ತೆಗೆದು ಅಲ್ಲಿದ್ದ ಇಂಗ್ಲಿಷನ್ನು ಕನ್ನಡದಲ್ಲಿ ಓದಿದಳು. ಈ ಸಾಧನ ಹಾಡು, ಸಿನಿಮಾದಂಥವು ಎಲ್ಲಿವೆ ಎಂದಷ್ಟೇ ತೋರಿಸುತ್ತದೆ, ಯಾವುದು ಕದ್ದದ್ದು, ಯಾವುದು ಸ್ವಂತದ್ದು ಎಂಬುದನ್ನು ಪಾಲಕರೇ ತೆರೆದು ನೋಡಿ ನಿರ್ಧರಿಸಬೇಕು ಎಂದಿತ್ತು.

"ಹಂಗಾರ ಮಷಿನ್ ಪ್ರಾಮಾಣಿಕ ಅದ," ಎಂದ ಶಿವಪುತ್ರಪ್ಪ. "ಅದು ಹಮಾಲ. ಚೀಲಾ ಇಳಿಸಿ ಎಣಿಸಿ ಕೊಡ್ತದ. ಕಾಳು ನೋಡೂದು ನನ್ನ ಕೆಲಸಿತ್ತು. ಬುಡದ್ದು ತಗೀ."

ಸ್ನೇಹಲ್ ಗುಂಡಿಯಿಂದ ಬೆರಳು ತೆಗೆದಳು. "ಬುಡದಾಗ ಒಂಬತ್ತು ಸಿನಿಮಾ ಹಾಡು ಅವ. ಗೆಳತೀ ಕಡಿಂದ ಇಳಿಸಿಕೊಂಡಿದ್ದು. ಅವು ನಮ್ಮವಲ್ಲ."

ಅವನು ಮಗಳ ಮುಖ ನೋಡಿದ. ತಾನೇ ಹೇಳಿದ್ದಳು, ಪರಖಿ ಅಲ್ಲಿಗೆ ಮುಟ್ಟುವ ಮೊದಲೇ. ಯಾರ್ಡಿನ ನೂರು ಸಾಹುಕಾರರಲ್ಲಿ ಒಬ್ಬನೂ ಹಾಗೆ ಹೇಳಿದವನಲ್ಲ. ಸಂಜೆ ಆರಕ್ಕೆ ಅವಧೂತರಾಯರು ಅಳಿಸಲು ಬಂದಾಗ ಅಳಿಸಿದ್ದು ಆ ಒಂಬತ್ತನ್ನೇ. ರಾಯರು ಕೂತು ತೊಗರಿ, ಕಡಲೆ, ಹೆಸರು ಎಂದು ಇಪ್ಪತ್ತು ತುಣುಕು ಕೇಳಿ, ಕನ್ನಡ ಅರ್ಧಕ್ಕರ್ಧ ತಿಳಿಯದಿದ್ದರೂ ಪ್ರತಿ ಕಟ್‌ಗೂ ತಲೆದೂಗಿ, ಚಹಾ ಕುಡಿದು ಹೋದರು.

ಆಮೇಲೆ ಶಿವಪುತ್ರಪ್ಪ ಕೆಂಪು ಕಡ್ಡಿ ಹಿಡಿದು ಕೆಳಗಿಳಿದ, ಮಗಳನ್ನು ಜೊತೆಗೆ ಕರೆದುಕೊಂಡು. ಸಂಖ್ಯೆ ಅಳಿಸುತ್ತಾನೆಂದು ಎಲ್ಲರೂ ತಿಳಿದರು. ಅವನು ಕಾಟನ್ನು ಮಾತ್ರ ಅಂಗೈಯಿಂದ ಒರೆಸಿ, 612ನ್ನು 603 ಎಂದು ತಿದ್ದಿದ. ಅದರ ಮುಂದೆ, ಓದುವವರಿಗೆಲ್ಲ ತಿಳಿಯಲೆಂದು ಮರಾಠಿಯಲ್ಲಿ ಬರೆದ: ಸಗಳಾ ಮಾಲ್ ಘರಚಾ. ಮಾಲೆಲ್ಲ ಮನೆಯದೇ.

ಮರುದಿನ ಧ್ವಜದ ಕೆಳಗೆ ರಾಯರು ಹಲಗೆ ಓದಿದರು. ಸೊನ್ನೆಗಳನ್ನು ಸಣ್ಣ ದನಿಯಲ್ಲಿ ಓದಿ, ಒಂಬತ್ತನೆಯ ನಂಬರು ಬಂದಾಗ ಕೆಮ್ಮಿ ದನಿ ಏರಿಸಿದರು. ಅದು ಲೋಣಾವಳಾದ ಘಾಟಿಗೆ ತಾಗಿ ತಿರುಗಿ ಬಂತೆಂದು ಶಿವಪುತ್ರಪ್ಪ ಸಾಯುವವರೆಗೂ ಹೇಳುತ್ತಿದ್ದ. ಪ್ರಮಾಣಪತ್ರ ಸೊನ್ನೆಯವರ ಪಾಲಾಯಿತು. ಗೋಡೆಯ ಮೊಳೆಗೆ ಅವನು ತನ್ನ ಹಳೆಯ ಪರಖಿಯನ್ನು ತೂಗುಹಾಕಿದ.

ಮಧ್ಯಾಹ್ನ ಊಟಕ್ಕೆ ಕೂತಾಗ ಬಸವಣ್ಣೆವ್ವ ಕೇಳದೆಯೇ ಎರಡು ಚಮಚ ತುಪ್ಪ ಹಾಕಿದಳು. ಶಿವಪುತ್ರಪ್ಪ ಉಪ್ಪಿನಕಾಯಿ ಭರಣಿಯ ಪಕ್ಕದ ಕೆಂಪು ಸಾಮಾನನ್ನು ನೋಡಿ ಬೆನ್ನು ನೆಟ್ಟಗೆ ಮಾಡಿದ. ಗಂಟಲು ಸರಿಪಡಿಸಿಕೊಂಡು, "ಮಾನ್ಯ ಶ್ರೋತೃಗಳೇ" ಎಂದು ಶುರು ಮಾಡಿದ.

"ಅಪ್ಪಾ, ಭಾಷಣ ಬ್ಯಾಡ," ಎಂದಳು ಸ್ನೇಹಲ್, ಅವನ ಅಂಗೈಗೆ ಒಂದು ಕಾಳು ಹಾಕುತ್ತ. "ಜ್ವಾಳ ಕಡಿ."

ಅವನು ಅದನ್ನು ಎಡದವಡೆಗೆ ಸರಿಸಿದ. ಕಟ್.

ಆರುನೂರಾ ನಾಲ್ಕು.