ತವರುಮನೆ ಟೆಸ್ಟ್

ಮೊನ್ನೆ ಅಟ್ಟ ಗುಡಿಸುವಾಗ ಗೋಣಿತಾಟಿನ ಒಂದು ಗಂಟು ಕೈಗೆ ಸಿಕ್ಕಿತು. ಬಿಚ್ಚಿದರೆ ಲವಂಗದ ವಾಸನೆ... ಒಳಗಿದ್ದದ್ದು ನಮ್ಮ ಹಳೆಯ ಕಾರಿನ ರೇಡಿಯೊ, ಕಂಪನಿಯಿಂದ ಕಾರಿನ ಜೊತೆಗೇ ಬಂದಿದ್ದು. ಕಾರು ಗುಜರಿಗೆ ಹೋಗಿ ಎಷ್ಟೋ ಕಾಲವಾಗಿದೆ, ಇದು ಮಾತ್ರ ಲವಂಗದ ನಡುವೆ ಮಹಾರಾಜನ ಹಾಗೆ ಮಲಗಿದೆ. "ತಾಯಿ ಸೆಟ್ಟು ಬಿಸಾಕ್ಬ್ಯಾಡ ಕಣಪ್ಪ. ಲವಂಗ ಹಾಕಿವ್ನಿ, ಇರುವೆ ಗೂಡು ಕಟ್ಟಾಕಿಲ್ಲ" ಎಂದು ಹೀಗೆ ಕಟ್ಟಿಕೊಟ್ಟವರು ಗಾಡಿಗಳಿಗೆ ಹಾಡಿನ ಸೆಟ್ ಕೂರಿಸುತ್ತಿದ್ದ ಸಕಲೇಶಪುರದ ಸೆಟ್ ಭಾಯ್. ಕಾರಿನ ಜೊತೆ ಹುಟ್ಟಿ ಬಂದ ಸೆಟ್ಟನ್ನು ಅವರು ತಾಯಿ ಸೆಟ್ಟು ಎಂದೇ ಕರೆಯುತ್ತಿದ್ದರು.

ಅವರದೂ ಒಂದು ಹೆಸರಿತ್ತು. ಆದರೆ ಆ ಹೆಸರು ಹಿಡಿದು ಕೇಳಿದ್ದರೆ ಪಕ್ಕದ ಅಂಗಡಿಯವರೂ ದಾರಿ ತೋರಿಸುತ್ತಿರಲಿಲ್ಲ. ಹೆದ್ದಾರಿಯ ಬದಿಗೆ ಎರಡು ಟೈರ್ ಅಂಗಡಿಗಳ ನಡುವೆ ಸಿಕ್ಕಿಕೊಂಡಂತಿದ್ದ ಅಂಗಡಿ, ಬಾಗಿಲಲ್ಲಿ ಯಾವಾಗಲೂ ಒಂದು ಗಾಡಿ. ಭಾಯ್ ಅದರ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿರುತ್ತಿದ್ದರು. ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು ಮಾತ್ರ. ಗಿರಾಕಿಗಳು ಆ ಕಾಲಿಗೇ ಸಲಾಂ ಹೇಳಿ, ಕಾಲಿನ ಜೊತೆಗೇ ವ್ಯವಹಾರ ಮಾತಾಡುತ್ತಿದ್ದರು. ಒಪ್ಪಿಗೆಯಾದರೆ ಹೆಬ್ಬೆರಳು ಕುಣಿಯುತ್ತಿತ್ತು.

ನನ್ನದು ಆಲೂರಿನಲ್ಲಿ ಔಷಧಿ ಅಂಗಡಿ. ಊರಿಗೆಲ್ಲ ವಾಂತಿ ಮಾತ್ರೆ ಕೊಡುವವನ ಹೆಂಡತಿಗೆ ಶಿರಾಡಿ ಘಾಟಿ ಎಂದರೆ ವಾಂತಿ. ಅವಳ ತವರು ಘಾಟಿಯ ಬುಡದ ನೆಲ್ಯಾಡಿ. ಮಾತ್ರೆ ಕೊಟ್ಟರೆ ವಾಂತಿಯೇನೋ ನಿಲ್ಲುತ್ತಿತ್ತು, ನಿದ್ದೆ ನಿಲ್ಲುತ್ತಿರಲಿಲ್ಲ. ತವರಿಗೆ ಹೋದವಳು ಅಮ್ಮನಿಗಿಂತ ಹೆಚ್ಚಾಗಿ ದಿಂಬಿನ ಮುಖ ನೋಡಿ ಬರುತ್ತಿದ್ದಳು. ಮಗಳನ್ನು ಅಳಿಯ ಮನೆಯಲ್ಲಿ ಮಲಗಲು ಬಿಡುವುದಿಲ್ಲವೇನೋ ಎಂಬಂತೆ ಅತ್ತೆಯವರು ನನ್ನನ್ನು ನೋಡುತ್ತಿದ್ದರು. ಬರಬರುತ್ತಾ ಹೋಗುವುದೇ ಕಡಿಮೆಯಾಯಿತು.

ಅವಳು ಕಂಡುಕೊಂಡಿದ್ದ ಮದ್ದು ಒಂದೇ, ಹಾಡುವುದು. ಬಾಯಿಗೆ ಕೆಲಸ ಕೊಟ್ಟರೆ ಹೊಟ್ಟೆ ಸುಮ್ಮನಿರುತ್ತಿತ್ತು. ಆದರೆ ಜೊತೆಗೆ ಹಾಡು ಕೇಳುತ್ತಿರಬೇಕು. ಬರೀ ಬಾಯಲ್ಲಿ ಹಾಡು ಎಂದರೆ ನಾಚಿಕೆ, ಎರಡು ಸಾಲಿಗೇ ಪದ ಮರೆತುಹೋಗುತ್ತಿತ್ತು. ತಾಯಿ ಸೆಟ್ಟಿನಲ್ಲಿದ್ದದ್ದು ರೇಡಿಯೊ ಮಾತ್ರ. ಅದು ಮಾರನಹಳ್ಳಿಯವರೆಗೆ ಚೆನ್ನಾಗಿಯೇ ಹಾಡಿ, ಸರಿಯಾಗಿ ತಿರುವುಗಳು ಶುರುವಾಗುವ ಜಾಗದಲ್ಲಿ ಬರ್ರ್ ಎಂದು ಕೈಕೊಡುತ್ತಿತ್ತು.

ಅಷ್ಟರಲ್ಲಿ ಅವಳ ತಂಗಿಯ ಮದುವೆ ನಿಶ್ಚಯವಾಯಿತು.

"ಎಂತ ಮಾರಾಯ್ರೆ, ತಂಗಿ ಧಾರೆಗೆ ನಾನು ತೂಕಡಿಸಿಕೊಂಡು ನಿಲ್ಲುದಾ? ಮಾತ್ರೆ ಬೇಡ, ದಾರಿಯುದ್ದ ಹಾಡುವ ಸೆಟ್ ಹಾಕ್ಸಿ. ಈ ಸಲವೂ ಹಾಗೇ ಆದ್ರೆ ಇನ್ನು ತವರಿಗೂ ನಂಗೂ ಫೋನಿನಲ್ಲೇ ಸಂಬಂಧ" ಎಂದಳು. ತಮಾಷೆಯಂತೆ ಶುರುವಾದ ಮಾತು, ಕೊನೆಗೆ ಅವಳ ಕಣ್ಣು ತುಂಬಿಸಿತ್ತು.

ನಾನು ಹೋಗಿ ಎಲ್ಲವನ್ನೂ ಆ ಕಾಲುಗಳಿಗೆ ಹೇಳಿದೆ. ಭಾಯ್ ಪೂರ್ತಿ ಹೊರಗೆ ಬಂದು ಕುಳಿತರು, ಅದು ಅಪರೂಪ. "ವಾಂತಿಗೆ ಸೆಟ್ ಹಾಕ್ತಿರೋದು ಇದೇ ಫಸ್ಟು ಮಾರಾಯ" ಎಂದು ಗಡ್ಡ ಕೆರೆದುಕೊಂಡರು. ಆಮೇಲೆ ಡಾಕ್ಟರ ಗತ್ತಿನಲ್ಲಿ, "ದಮ್ ದಮ್ ಅನ್ನೋ ಬೇಸ್ ಜಾಸ್ತಿ ಇಡಾದು ಬ್ಯಾಡ, ಹೊಟ್ಟೆ ಕದಡ್ತದೆ. ದನಿ ತಿಳಿಯಾಗಿರ್ಲಿ" ಎಂದರು. ಹೊಸ ಪೆನ್‌ಡ್ರೈವ್ ಸೆಟ್ಟು ತಾಯಿ ಸೆಟ್ಟಿನ ಗೂಡಿಗಿಂತ ಕೊಂಚ ಸಣ್ಣದಾಯಿತು. ಸುತ್ತ ಗೋಣಿತಾಟು ತುರುಕಿ ಕೂರಿಸಿದರು.

ಟೆಸ್ಟ್ ಮಾಡದೆ ಅವರು ಯಾವ ಗಾಡಿಯನ್ನೂ ಬಿಡುತ್ತಿರಲಿಲ್ಲ. ಅದಕ್ಕೊಂದು ಶಾಸ್ತ್ರವಿತ್ತು. ದೋಣಿಗಲ್‌ವರೆಗೆ ಇಳಿಯುವಾಗ ಕಣ್ಣು ಮುಚ್ಚಿ ಹಾಡು ಕೇಳುವುದು, ಅಲ್ಲೊಂದು ಟೀ ಕುಡಿಯುವುದು, ವಾಪಸು ಹತ್ತುವಾಗ ಸೆಟ್ ಆಫ್ ಮಾಡಿ ಬಾಗಿಲಿಗೆ ಕಿವಿ ಕೊಟ್ಟು ಕೂರುವುದು. "ಇಳಿಯೋವಾಗ ಸೆಟ್ ಕೇಳು, ಹತ್ತೋವಾಗ ಗಾಡಿ ಕೇಳು. ನಾನು ಬಿಚ್ಚಿದ್ ಸ್ಕ್ರೂ ಎಲ್ಲಾರ ಗಡಗಡ ಅಂತದಾ ಗೊತ್ತಾಯ್ತದೆ." ನಮ್ಮ ಗಾಡಿ ಎಲ್ಲೂ ಗಡಗಡ ಅನ್ನಲಿಲ್ಲ.

ಮದುವೆಗೆ ಹೋದೆವು. ಆಹಾ, ಆ ಇಳಿಜಾರು! ಮಾರನಹಳ್ಳಿ ದಾಟಿದ ಮೇಲೂ ಹಾಡು ನಿಲ್ಲಲಿಲ್ಲ, ನನ್ನವಳೂ ನಿಲ್ಲಲಿಲ್ಲ. ಎದುರಿಗೆ ಬರುತ್ತಿದ್ದ ಲಾರಿಯವರು ಇಣುಕಿ ನೋಡಿ ನಗುತ್ತಿದ್ದರು. ಅತ್ತೆಯವರು ನಿಂಬೆಹಣ್ಣು ಹಿಡಿದು ಗೇಟಿನಲ್ಲಿ ನಿಂತಿದ್ದರೆ, ಮಗಳು ಪಲ್ಲವಿ ಹಾಡುತ್ತಲೇ ಕಾರಿನಿಂದ ಇಳಿದಳು. ಮದುವೆ ಮುಗಿಯುವವರೆಗೂ ಒಂದು ಕಡೆ ಕೂರಲಿಲ್ಲ, ಅಡುಗೆಯವರನ್ನು ಬೈಯುವ ಕೆಲಸವನ್ನೂ ತಾನೇ ವಹಿಸಿಕೊಂಡಳು. ಅವಳನ್ನು ತವರಿನಲ್ಲಿ ಅಷ್ಟು ಎಚ್ಚರವಾಗಿ ನಾನು ನೋಡಿದ್ದು ಅಂದೇ.

ವಾಪಸು ಬರುವಾಗ ಮೊದಲ ಏರಿನಲ್ಲಿಯೇ ಹಾಡು ಟಪ್ ಎಂದು ನಿಂತಿತು. ಸ್ವಲ್ಪ ಸಮತಟ್ಟು ಸಿಕ್ಕಾಗ ಬಂತು, ಮತ್ತೆ ಏರಿಗೆ ಹೋಯಿತು. ಕಾರು ಮೂತಿ ಎತ್ತಿದರೆ ಸೆಟ್ಟು ನಮ್ಮ ಕಡೆಗೆ ಜಾರುತ್ತಿತ್ತು, ಹಿಂದಿನ ಪ್ಲಗ್ ಸಡಿಲವಾಗುತ್ತಿತ್ತು. ಮೂತಿ ತಗ್ಗಿಸಿದರೆ ಒಳಗೆ ಸರಿದು ಗಟ್ಟಿಯಾಗಿ ಕೂರುತ್ತಿತ್ತು. ಇಳಿಜಾರಿನಲ್ಲಿ ಮಾತ್ರ ಹಾಡುವ ಸೆಟ್ಟು!

ನೋಡುತ್ತಿದ್ದಂತೆ ಅವಳ ಮುಖ ಬಾಳೆದಿಂಡಿನ ಬಣ್ಣಕ್ಕೆ ತಿರುಗಿತು. "ಆಯ್ತಲ್ಲ, ಇನ್ನು ಫೋನೇ ಗತಿ" ಎಂದು ಸಿಟ್ಟಿನಲ್ಲಿ ಸೆಟ್ಟಿಗೆ ಒಂದು ಗುದ್ದಿದಳು. ಹಾಡು ಬಂತು. ಕೈ ತೆಗೆದಳು, ಹೋಯಿತು. ಹೆಬ್ಬೆರಳಿನಿಂದ ಒತ್ತಿ ಹಿಡಿದಳು, ಬಂತು! ನಾನು ಬೆರಗಾಗಿ ಅವಳ ಕಡೆ ನೋಡಿದರೆ "ನೀವು ರಸ್ತೆ ನೋಡಿ ಮಾರಾಯ್ರೆ" ಎಂದು ಗದರಿಸಿ, ಇಡೀ ಘಾಟಿ ಆ ಸೆಟ್ಟನ್ನು ಒತ್ತಿಕೊಂಡೇ ಹಾಡಿದಳು. ಮಾರನಹಳ್ಳಿಯಲ್ಲಿ ಇಳಿದು ಬೆರಳು ಕೊಡವಿಕೊಂಡು, ಹಸಿವು ಎಂದಳು. ಘಾಟಿ ಹತ್ತಿ ಅವಳು ಬಜ್ಜಿ ತಿಂದದ್ದು ಅದೇ ಮೊದಲು. ನನಗೆ ಆದ ಖುಷಿ ಹೇಳತೀರದು.

ಸೀದಾ ಭಾಯ್ ಅಂಗಡಿಗೆ ಹೋದೆವು. ಕತೆ ಕೇಳುತ್ತಾ ಕಾಲುಗಳು ಅಲುಗದೆ ನಿಂತವು. ಆಮೇಲೆ ಭಾಯ್ ಜಾರಿ ಹೊರಬಂದು, ಅವಳ ಕೆಂಪಾದ ಹೆಬ್ಬೆರಳು ನೋಡಿ, ಟೈರಿನ ಮೇಲೆ ಕುಸಿದು ಕುಳಿತು ನಕ್ಕರು ನೋಡಿ... ನಾವೂ ನಕ್ಕೆವು. ನಗು ಮುಗಿದ ಮೇಲೆ ತಲೆಗೆ ಕೈಹಚ್ಚಿಕೊಂಡರು.

"ಇಷ್ಟ್ ವರ್ಷದಿಂದ ಇಳಿಯೋವಾಗ್ಲೇ ಸೆಟ್ ಕೇಳ್ಕಂಡ್ ಬಂದಿವ್ನಿ. ತವರಿಗೋದ ಹೆಣ್ಮಗ ವಾಪಸ್ ಹತ್ತೂ ಬರ್ಬೇಕಲ್ಲ! ನಾನೆಂಥ ಪೆದ್ದ್ ನನ್ಮಗ ಕಣಕ್ಕ."

ಆವತ್ತೇ ಸೆಟ್ಟಿನ ಬೆನ್ನಿಗೆ ಕಬ್ಬಿಣದ ಪಟ್ಟಿ ಬಿಗಿದರು. ಅಂದಿನಿಂದ ಪ್ರತಿ ಗಾಡಿಯೂ ದೋಣಿಗಲ್‌ನಿಂದ ಹಾಡುತ್ತಲೇ ಹತ್ತಬೇಕಾಯಿತು. ಅದಕ್ಕೆ ತವರುಮನೆ ಟೆಸ್ಟ್ ಎಂದು ಹೆಸರಿಟ್ಟವರೂ ಅವರೇ. ಬಿಸಿಲೆ ಕಡೆಯ ಜೀಪಿನವನೊಬ್ಬ, "ನಂಗೆ ಮದ್ವೇನೇ ಆಗಿಲ್ಲ, ಎಂಥಾ ತವರುಮನೆ ಭಾಯ್?" ಎಂದು ತಕರಾರು ತೆಗೆದನಂತೆ. "ಹೆಂಡ್ತಿ ಬರೋಗಂಟ ಸೆಟ್ ಬಾಳ್ಬೇಕಲ್ಲ, ಹತ್ತು" ಎಂದರಂತೆ ಇವರು.

ಆಮೇಲೆ ತಿಂಗಳಿಗೊಮ್ಮೆಯಾದರೂ ನೆಲ್ಯಾಡಿಗೆ ಹೋಗುತ್ತಿದ್ದೆವು. ಬರುವಾಗ ಅತ್ತೆಯವರು ಭಾಯ್‌ಗೆಂದೇ ಹಲಸಿನ ಹಪ್ಪಳ ಕಟ್ಟಿಕೊಡುತ್ತಿದ್ದರು. ನಮ್ಮ ಹಾರ್ನ್ ಕೇಳಿದರೆ ಗಾಡಿಯೊಳಗಿಂದಲೇ ದನಿ ಬರುತ್ತಿತ್ತು, "ಟೆಸ್ಟ್ ಪಾಸಾ ಅಕ್ಕ?" "ಪಾಸು ಭಾಯ್!" ಹೆಬ್ಬೆರಳು ಕುಣಿಯುತ್ತಿತ್ತು.

ಭಾಯ್ ತೀರಿಕೊಂಡು ಈಗ ಕೆಲವು ವರ್ಷಗಳಾದವು. ಅವರಿಲ್ಲದ ಸಕಲೇಶಪುರ ನನಗೆ ಇನ್ನೂ ಒಗ್ಗಿಲ್ಲ. ಈಗಿನ ನಮ್ಮ ಕಾರಿನಲ್ಲಿ ದೊಡ್ಡ ಪರದೆಯೇ ಇದೆ, ಅದು ಏರಿನಲ್ಲೂ ಹಾಡುತ್ತದೆ, ಇಳಿಜಾರಿನಲ್ಲೂ ಹಾಡುತ್ತದೆ. ಗಂಟು ಬಿಚ್ಚಿದ ವಾರವೇ ನೆಲ್ಯಾಡಿಗೆ ಹೋಗಿದ್ದೆವು. ಘಾಟಿ ಹತ್ತುವಾಗ ನಾನು ಹಾಡು ನಿಲ್ಲಿಸಿದೆ.

"ಎಂತ, ಯಾಕೆ?"

"ಗಾಡಿ ಕೇಳೋಣ."

ಹೊಸ ಗಾಡಿ, ಕೇಳುವಂಥದ್ದೇನೂ ಇರಲಿಲ್ಲ. ಆಮೇಲೆ ಅವಳ ಹೆಬ್ಬೆರಳು ತಾನಾಗಿ ಪರದೆಯ ಅಂಚಿಗೆ ಹೋಗಿ ಒತ್ತಿ ಕುಳಿತಿತು. ಬರೀ ಬಾಯಲ್ಲೇ ಹಾಡತೊಡಗಿದಳು. ಎರಡು ಸಾಲಿಗೆ ಪದ ಮರೆತು, ಮತ್ತೆ ಮೊದಲಿನಿಂದ... ಹಾಗೇ ಘಾಟಿ ಮುಗಿಯಿತು.

ಸಕಲೇಶಪುರದಲ್ಲಿ ಎರಡು ಟೈರ್ ಅಂಗಡಿಗಳ ನಡುವೆ ಈಗ ಜ್ಯೂಸ್ ಅಂಗಡಿ. ನಾನು ಕಾರು ನಿಧಾನ ಮಾಡಿ, ಅಭ್ಯಾಸಬಲದಿಂದ ಹಾರ್ನ್ ಒತ್ತಿದೆ. ಅವಳು ಗಾಜು ಇಳಿಸಿ ಹೆಬ್ಬೆರಳು ಎತ್ತಿ "ಪಾಸು ಭಾಯ್" ಎಂದಳು. ಜ್ಯೂಸಿನವನು ತನಗೇ ಹೇಳಿದ್ದೆಂದುಕೊಂಡು ಲೋಟ ಕೈಗೆತ್ತಿಕೊಂಡ.

"ಒಂದಾ ಅಕ್ಕ, ಎರಡಾ?"