ಓಗ್ಬಾ

ಅಕ್ಕನ ಬಲ ಅಂಗೈಗೆ ಅಡ್ಡಲಾಗಿ ಹಗ್ಗ ಉಜ್ಜಿ ಸುಟ್ಟ ಒಂದು ಗೆರೆಯಿತ್ತು. ಹಳೇ ಗಾಯ, ಮಾಗಿ ನುಣುಪಾಗಿತ್ತು. ಬಿಸಿಲು ಬಿದ್ದರೆ ಹೊಳೆಯುತ್ತಿತ್ತು. ಬೇಯಿಸಿದ ಕೋಳಿಯ ಚೂರುಗಳನ್ನು ಆ ಕೈಯಲ್ಲಿಟ್ಟುಕೊಂಡು ಅವರು ಮೊದಲ ದಿನ ನನ್ನ ನಾಯಿಮರಿ ಟಾಫಿಯ ಮುಂದೆ ಕುಕ್ಕರುಗಾಲಲ್ಲಿ ಕೂತಾಗ, ಟಾಫಿ ಕೋಳಿಯನ್ನು ಬಿಟ್ಟು ಆ ಗೆರೆಯನ್ನೇ ಮೂಸಿದಳು.

"ಅದ್ರಲ್ಲೇನೂ ಇಲ್ಲ ಮಗಾ, ತಿನ್ನು" ಅಂದರು ಅಕ್ಕ.

ಅಕ್ಕ ಚಿಕ್ಕಜಾಲದ ಹಳೇ ಮನೆತನದವರು. ಜಮೀನಿನಲ್ಲೆಲ್ಲ ಬಾಡಿಗೆ ಮನೆ ಎದ್ದಿದ್ದರೂ ಏರ್‌ಪೋರ್ಟ್ ರಸ್ತೆಗೆ ಅಂಟಿದ ಒಂದು ತುಂಡನ್ನು ಮಾತ್ರ ನಾಯಿಗಳಿಗೆಂದು ಉಳಿಸಿಕೊಂಡಿದ್ದರು. ನಾಯಿಗಳು ಕಂಬಿ ಹಾರುವುದು, ಸುರಂಗದಲ್ಲಿ ನುಗ್ಗುವುದು ಎಲ್ಲವನ್ನೂ ಫೋನಿನಲ್ಲಿ ನೋಡಿ, ಪ್ಲಂಬಿಂಗ್ ಪೈಪು ಕತ್ತರಿಸಿ ಅಡೆತಡೆಗಳನ್ನು ಮಾಡಿಸಿದ್ದರು. ಅಜಿಲಿಟಿ ಎಂಬ ಈ ಅಡೆತಡೆಯಾಟ ಅವರ ಬಾಯಲ್ಲಿ 'ಅಜ್ಲಿಟಿ'. ಯಲಹಂಕದಿಂದ ನಾನು ಶನಿವಾರ ಬೆಳಗ್ಗೆ ಟಾಫಿಯನ್ನು ಕರೆದುಕೊಂಡು ಹೋಗುತ್ತಿದ್ದೆ.

"ಇವತ್ತೇ ಹಾರಿಸ್ತೀರಾ ಅಕ್ಕಾ?"

"ಎಳೇ ಮೂಳೆ ಕಣಮ್ಮ. ಪೈಪು ನೆಲದ್ ಮ್ಯಾಲೇ ಮಲ್ಗಿರ್ಲಿ. ಮೂಸ್ಲಿ, ದಾಟ್ಲಿ. ಅದ್ಕೆ ಬ್ಯಾಸ್ರ ಆಗೋಕ್ ಮುಂಚೆ ನಾವೇ ಸಾಕು ಅನ್ಬೇಕು."

ಬಟ್ಟೆಯ ಸುರಂಗವನ್ನು ಮೊದಲು ಮಡಿಸಿ ಗಿಡ್ಡ ಮಾಡಿ, ಆಚೆ ತುದಿಯಲ್ಲಿ ತಾವೇ ಮಂಡಿಯೂರಿ ಮುಖ ತೋರಿಸುತ್ತಿದ್ದರು. ಟಾಫಿಯನ್ನು ಕಂಬಿಗೆ, ಸುರಂಗಕ್ಕೆ, ಎಲ್ಲಿಗೆ ಬಿಟ್ಟರೂ ಒಂದೇ ಮಾತು: "ಓಗ್ಬಾ." ಅವಳು ಹೋಗಿ, ತಿರುಗಿ ಅಕ್ಕನ ಕೈಗೇ ಬರುತ್ತಿದ್ದಳು. ನಾನು "ಹೋಗಿ ಬಾ" ಅಂದರೆ ಮಾತ್ರ ಕಿವಿ ಓರೆ ಮಾಡಿ ನನ್ನ ಮುಖ ನೋಡುತ್ತಿದ್ದಳು.

"ನಿನ್ ಮಾತು ಇಸ್ತ್ರಿ ಮಾಡ್ದಂಗದೆ ಕಣಮ್ಮ" ಅಂತ ಅಕ್ಕ ನಗುತ್ತಿದ್ದರು. "ಕಾನ್ವೆಂಟ್ನೋರು ಹಂಗೇ ಮಡ್ಚಿ ಕಳ್ಸವ್ರೆ. ವಸಿ ಸುಕ್ಕಿರ್ಬೇಕು."

ಸುಮ್ಮನೆ 'ಹೋಗು' ಅಂದರೆ ಸಾಲದೇ ಎಂದು ಒಮ್ಮೆ ಕೇಳಿದೆ. ಅವರ ನಗು ನಿಂತಿತು. ಅಂಗೈಯ ಗೆರೆಯನ್ನು ಹೆಬ್ಬೆರಳಿನಿಂದ ಉಜ್ಜಿಕೊಂಡರು.

"ನನ್ ನಾಯಿ, ರಾಜ ಅಂತ ಒಬ್ಬ ಇದ್ದ. ಇದೇ ಗೇಟ್ ಹತ್ರ ಹಗ್ಗ ಎಳ್ದು ಎಳ್ದು ಸಾಕ್ ಮಾಡ್ಬಿಟ್ಟಿದ್ದ. 'ಓಗು ಅತ್ಲಾಗೆ' ಅಂತ ಕೈ ಸಡ್ಲ ಬಿಟ್ಟೆ. ಓದ. ಮತ್ತೆ ಹಿಡಿಯಾಕೋದ್ರೆ ಹಗ್ಗ ಇಲ್ಲಿ ಉಜ್ಕೊಂಡೋಯ್ತು." ರಸ್ತೆಯ ಕಡೆ ನೋಡಿದರು. "ಬಾ ಅನ್ನೋದ್ನ ಮರ್ತಿದ್ದೆ ಕಣಮ್ಮ."

ಆಮೇಲೆ ನಾನು ಗಮನಿಸಿದೆ, ಅವರು ಮನುಷ್ಯರಿಗೂ ಬರೀ 'ಹೋಗು' ಅನ್ನುತ್ತಿರಲಿಲ್ಲ. ನಾನು "ಬರ್ತೀನಿ ಅಕ್ಕಾ" ಅಂತ ಹೊರಟಾಗಲೆಲ್ಲ, ಕಾರಿನ ಬಾಗಿಲು ಹಾಕುವ ತನಕ ಕಾದು, "ಓಗ್ಬಾ" ಅನ್ನುತ್ತಿದ್ದರು.

ಬೇಸಿಗೆಯಲ್ಲಿ ರಸ್ತೆ ಅಗಲ ಮಾಡಲು ಆ ಕಡೆಯ ಗೋಡೆ ಒಡೆದರು. ಅಲ್ಲಿಗೊಂದು ಹಸಿರು ಬಲೆ ಕಟ್ಟಿದರು. ಲಾರಿ ಹೋದಾಗಲೆಲ್ಲ ಅದು ಒಳಕ್ಕೆ ಉಬ್ಬಿ, ಮತ್ತೆ ಹೊರಕ್ಕೆ ಎಳೆದುಕೊಳ್ಳುತ್ತಿತ್ತು. ಆಟದ ನಡುವೆ ನಾಯಿಗಳು ನಿಂತು ಅದನ್ನೇ ನೋಡುತ್ತಿದ್ದವು. ಅಕ್ಕ ವಾರವಾರವೂ ಕಂಬಿಗಳನ್ನು ರಸ್ತೆಯಿಂದ ಇನ್ನಷ್ಟು ದೂರಕ್ಕೆ ಎಳೆದು ಹಾಕುತ್ತಿದ್ದರು. ಹಾಕಿ, ಸೊಂಟ ಹಿಡಿದು ಬಹಳ ಹೊತ್ತು ಏದುಸಿರು ಬಿಡುತ್ತಿದ್ದರು. "ಡಾಕ್ಟ್ರಿಗೆ ತೋರಿಸಿ ಅಕ್ಕಾ" ಅಂದರೆ, "ಗೋಡೆ ಕಟ್ಲಿ, ಆಮ್ಯಾಕೆ" ಅನ್ನುವರು.

ಗೋಡೆ ಕಟ್ಟಲಿಲ್ಲ. ಒಂದು ಶನಿವಾರ ಟಾಫಿ ಸುರಂಗದಿಂದ ಹೊರಬರುವುದಕ್ಕೂ, ವಿಮಾನವೊಂದು ತಲೆಯ ಮೇಲೇ ಎಂಬಂತೆ ಇಳಿಯುವುದಕ್ಕೂ ಸರಿಹೋಯಿತು. ಬೆದರಿದವಳು ನೇರ ಬಲೆಯ ಕಡೆ ಓಡಿದಳು. ಬಲೆಯ ಒಂದು ಮೂಲೆ ಬಿಚ್ಚಿಕೊಂಡಿತ್ತು. "ಸ್ಟಾಪ್" ಅಂದೆ. "ಕಮ್ ಹಿಯರ್" ಅಂದೆ. "ಟಾಫಿ, ಹೋಗಿ ಬಾ" ಅಂದೆ. ಯಾವುದೂ ಅವಳಿಗೆ ತಾಗಲಿಲ್ಲ. ಅಕ್ಕನ ಕಡೆ ತಿರುಗಿದೆ. ಅವರು ಕಲ್ಲಿನ ಮೇಲೆ ಕುಸಿದು ಕೂತಿದ್ದರು, ಎದೆಯ ಮೇಲೆ ಕೈ. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಆ ತುಟಿಗಳು ಯಾವ ಮಾತಿಗೆ ತೆರೆದಿವೆ ಎಂದು ನನಗೆ ಗೊತ್ತಿತ್ತು.

"ಓಗ್ಬಾ" ಎಂದು ಕಿರುಚಿದೆ, ಅವರ ಹಾಗೇ, ಹೊಟ್ಟೆಯಿಂದ.

ಅವಳ ತಲೆ ಆಗಲೇ ಬಲೆಯ ಆಚೆಗಿತ್ತು. ಟಾಫಿ ನಿಂತಳು. ಆಚೆ ಲಾರಿಯೊಂದು ಹಾದುಹೋಯಿತು. ಬಲೆ ಅವಳ ಬೆನ್ನಿಗೆ ಬಡಿಯಿತು. ಆಮೇಲೆ ಹಿಮ್ಮೆಟ್ಟಿ, ತಿರುಗಿ, ಬಂದಳು. ನನ್ನ ಹತ್ತಿರಕ್ಕಲ್ಲ, ಅಕ್ಕನ ಅಂಗೈಗೆ.

ಅಕ್ಕನಿಗೆ ಉಸಿರು ಮರಳಲು ಬಹಳ ಹೊತ್ತಾಯಿತು. "ಈಗ ಸುಕ್ಕಾಯ್ತು ನಿನ್ ಮಾತು" ಅಂದರು.

ಅಲ್ಲಿಂದ ಅವರನ್ನು ಆಸ್ಪತ್ರೆಗೇ ಕರೆದುಕೊಂಡು ಹೋದೆ. ಹೃದಯ ಪೂರ್ತಿ ದಣಿದಿದೆ ಎಂದರು ಡಾಕ್ಟರು. ಕೆಲವು ವಾರ ಇಟ್ಟುಕೊಂಡು, ಇನ್ನು ಮನೆಯಲ್ಲೇ ಇರಲಿ ಎಂದು ಕಳಿಸಿದರು. ನಾನು ಟಾಫಿಯನ್ನೂ ಕರೆದುಕೊಂಡು ನೋಡಲು ಹೋದೆ. ಕಿಟಕಿ ಮುಚ್ಚಿದ್ದರೂ ರಸ್ತೆಯ ಸದ್ದು ಒಳಗಿತ್ತು. ಮಂಚದಿಂದ ಇಳಿಬಿಟ್ಟಿದ್ದ ಅವರ ಕೈಯನ್ನು ಟಾಫಿ ಮೂಸಿದಳು. ಗೆರೆಯನ್ನು ನಿಧಾನವಾಗಿ ನೆಕ್ಕಿದಳು. ಹೊರಡುವ ಹೊತ್ತಾಯಿತು.

"ಬರ್ತೀನಿ ಅಕ್ಕಾ."

ಅಕ್ಕ ನನ್ನನ್ನು ನೋಡಿದರು, ಟಾಫಿಯನ್ನು ನೋಡಿದರು.

"ಓಗಮ್ಮ" ಅಂದರು.

ಮುಂದಿನ ಶನಿವಾರಕ್ಕೆ ಅವರು ಇರಲಿಲ್ಲ. ನನ್ನ ಮನೆಯಲ್ಲಿ ಟಾಫಿ ಇವತ್ತಿಗೂ ಬಾಗಿಲಿಗೆ ಅಡ್ಡ ಮಲಗುತ್ತಾಳೆ. ಬದುಕಿ ಉಳಿದ ಆ ಋಣ ಯಾರದೆಂದು ಅವಳಿಗೂ ಗೊತ್ತಿದ್ದೀತು. ಅಕ್ಕ 'ಓಗಮ್ಮ' ಅಂದ ಅವತ್ತು ಅವರ ಹೊಸ್ತಿಲಲ್ಲಿ ನಾನು ಚಪ್ಪಲಿ ಮೆಟ್ಟಿಯೂ ಹೆಜ್ಜೆ ಎತ್ತದೆ ನಿಂತಿದ್ದೆ. ಟಾಫಿಯೂ ಒಂದು ಮುಂಗಾಲೆತ್ತಿ, ಕಿವಿ ನೆಟ್ಟಗೆ ಮಾಡಿ, ಮಂಚದ ಕಡೆಗೇ ನೋಡುತ್ತ ಮಾತಿನ ಉಳಿದರ್ಧಕ್ಕೆ ಕಾಯುತ್ತಿದ್ದಳು.