ನಾಲ್ಕು ನಿಮಿಷದ ಮೇಷ್ಟ್ರು
ನಿವೃತ್ತ ಗಣಿತದ ಮೇಷ್ಟ್ರು ಗಾಜಿನ ಜಾಡಿಯಲ್ಲಿ ತರಿ ಕಾಫಿಪುಡಿಗೆ ಬಿಸಿನೀರು ಸುರಿದು ಗಡಿಯಾರ ಹಿಡಿದರೆಂದರೆ ಅಡುಗೆಮನೆಯಲ್ಲಿ ಪರೀಕ್ಷೆ ಶುರು. ನಾಲ್ಕು ನಿಮಿಷ ಯಾರೂ ಕೆಮ್ಮುವಂತಿಲ್ಲ. ಆಮೇಲೆ ಪುಡಿಯನ್ನು ತಳಕ್ಕೊತ್ತುವ ಜಾಲರಿಯ ಒತ್ತುಗೋಲನ್ನು ಮಗುವಿನ ತಲೆ ಸವರಿದಷ್ಟು ಮೆಲ್ಲಗೆ ಕೆಳಗಿಳಿಸುತ್ತಾರೆ. ಯಾರಾದರೂ ಕಹಿ ಎಂದರೋ, “ಕಾಫಿ ಪಾಸು, ನಿಮ್ಮ ನಾಲಗೆ ಫೇಲು!” ಎಂದು ಷರಾ ಬರೆದಂತೆ ಹೇಳುತ್ತಾರೆ. ಜ್ವರ ಬಂದು ಹೋದ ಮೇಲೆ ಹೆಂಡತಿಗೆ ಯಾವ ರುಚಿಯೂ ತಿಳಿಯುತ್ತಿರಲಿಲ್ಲ. ಕಹಿಯಾದರೂ ನಾಲಗೆಗೆ ತಟ್ಟೀತೇನೋ ಎಂದು ಆಕೆಯ ಲೋಟಕ್ಕೆ ಮಾತ್ರ ಮೇಷ್ಟ್ರು ಕದ್ದುಮುಚ್ಚಿ ಹತ್ತು ನಿಮಿಷ ಪುಡಿ ನೆನೆಸುತ್ತಿದ್ದರು. ಆಕೆ ದಿನವೂ “ಚೆನ್ನಾಗಿದೆ ರೀ” ಎನ್ನುತ್ತಿದ್ದರು, ಇವರ ಮುಖ ಬಾಡುತ್ತಿತ್ತು. ಇವತ್ತು ಮೊದಲ ಗುಟುಕಿಗೇ ಆಕೆ ಮುಖ ಕಿವುಚಿದರು: “ಇದೇನ್ರೀ, ಹಾಗಲಕಾಯಿ ಕಷಾಯಾನಾ?” ಜನ್ಮದಲ್ಲಿ ತಪ್ಪೊಪ್ಪಿಕೊಳ್ಳದ ಮೇಷ್ಟ್ರು ಕುಣಿಯುವುದೊಂದು ಬಾಕಿ. “ಹೌದು ಕಣೇ, ಪೂರ್ತಿ ಕೆಟ್ಟುಹೋಗಿದೆ! ಎಲ್ಲಿ, ಇನ್ನೊಂದು ಗುಟುಕು ಕುಡಿದು ಬೈಯಿ.”